ಚಿಲಕ ಕಳಚಿದ ಬಾಗಿಲು

ಒಂದು ಬಾಗಿಲು. ತಿಳಿಹಸಿರು ಬಳಿದು ಬಹಳ ಕಾಲವಾಗಿದೆ. ಕೈಗಳು ತಾಗಿ ತಾಗಿ ಅಂಚಿನ ಬಣ್ಣ ಹೋಗಿ ಮರದ ಕಂದು ಮೇಲೆ ಬಂದಿದೆ. ಇಳಿಹೊತ್ತಿನ ಬಿಸಿಲು ಎದುರಿನ ಕಿಟಕಿಯಿಂದ ಓರೆಯಾಗಿ ಬಂದು ಅದರ ಒಳಮೈಯನ್ನು ಮುಟ್ಟಿ ಅಲ್ಲೇ ನಿಂತಿದೆ, ಕುಳಿತುಕೊಳ್ಳಿ ಎಂದು ಯಾರೂ ಹೇಳದ ಅತಿಥಿಯಂತೆ. ಎದೆಯೆತ್ತರದಲ್ಲಿ, ಕದ ಚೌಕಟ್ಟಿಗೆ ಸೇರುವ ಕಡೆ, ಅಂಗೈಯುದ್ದದ ಒಂದು ಪಟ್ಟಿ. ಅಲ್ಲಿ ಮಾತ್ರ ಹಸಿರು ಇನ್ನೂ ಎಳೆಯದು. ಇಷ್ಟು ವರ್ಷ ಅದರ ಮೇಲೊಂದು ಚಿಲಕವಿತ್ತು. ಬಿಸಿಲು, ಹೊಗೆ, ಬೆರಳು ಯಾವುದೂ ಅದನ್ನು ಮುಟ್ಟಿರಲಿಲ್ಲ. ಪಟ್ಟಿಯ ನಾಲ್ಕು ಮೂಲೆಗಳಲ್ಲಿ ತಿರುಪಿನ ತೂತುಗಳಿದ್ದವು. ಈಗ ಅವೂ ಇಲ್ಲ. ಮರದ ಪುಡಿಯನ್ನು ಅಂಟಿನಲ್ಲಿ ಕಲಸಿ ತುಂಬಿ, ಒಣಗಿದ ಮೇಲೆ ಉಪ್ಪುಕಾಗದದಿಂದ ಉಜ್ಜಿ, ಕಡ್ಡಿಯ ತುದಿಯಿಂದ ಬಣ್ಣ ಮುಟ್ಟಿಸಿ ಅಡಗಿಸಿದ ಕೆಲಸ. ಕಣ್ಣಿಗೆ ಸಿಕ್ಕುವುದಿಲ್ಲ, ಬೆರಳಾಡಿಸಿದರೆ ಸಿಗುತ್ತದೆ. ಬಾಗಿಲಿಗೆ ಬೆನ್ನು ಕೊಟ್ಟು ಒಂದು ಮರದ ಕುರ್ಚಿ. ಕುರ್ಚಿಯಲ್ಲಿ ಯಾರೂ ಇಲ್ಲ.

ಕುರ್ಚಿಯನ್ನು ಅಲ್ಲಿಗೆ ಒತ್ತಿಟ್ಟವನು ತಮ್ಮ. ಚಿಲಕವನ್ನು ಕಿತ್ತವನು ಅಣ್ಣ.

ಅಣ್ಣನದು ಬೀಗದ ಕಸುಬು. ಮನೆಯ ಮುಂಭಾಗದಲ್ಲೇ ಅಂಗಡಿ: ಒಂದು ಉದ್ದನೆಯ ಮೇಜು, ಕೀಲಿ ಉಜ್ಜುವ ಅರಗಳ ಸಾಲು, ಗೋಡೆಯ ತುಂಬ ಕೊರೆಯದ ಕೀಲಿಕೈಗಳು. ಬೀದಿಯವರೆಲ್ಲ ಅವನನ್ನು ಬೀಗದಣ್ಣ ಎಂದೇ ಕರೆಯುತ್ತಿದ್ದರು. ಈ ಕೆಲಸವನ್ನು ಕಲಿಸಿದ ತಂದೆ ಅದರ ಜೊತೆಗೆ ಒಂದು ಕಟ್ಟುಪಾಡನ್ನೂ ಕಲಿಸಿದ್ದರು: ಬೀಗದ ಒಡೆಯ ಎದುರಿಗೆ ನಿಂತಿರದೆ ಬೀಗಕ್ಕೆ ಕೈ ಹಚ್ಚಕೂಡದು. ಒಡೆಯನ ಹೆಂಡತಿ ಬಂದರೂ, ಮಗ ಬಂದರೂ, ಮಳೆ ಸುರಿದರೂ ಸರಿ. ಒಮ್ಮೆ ಒಬ್ಬ ವಕೀಲರ ಮನೆಯ ಕಪಾಟು ತೆರೆಯಲು ಹೋಗಿ, ವಕೀಲರು ಸ್ನಾನಕ್ಕಿಳಿದಿದ್ದಾರೆಂದು ತಿಳಿದು, ಉಪಕರಣಗಳ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಅವರು ತಲೆ ಒರೆಸಿಕೊಂಡು ಬರುವತನಕ ಅವನು ಕಾದಿದ್ದ. ಬೀದಿಯಲ್ಲಿ ಆ ಕಥೆ ಇನ್ನೂ ನಗೆಯ ಸರಕಾಗಿತ್ತು. ಅವನಿಗೆ ಅದು ನಗೆಯಾಗಿರಲಿಲ್ಲ. ತಾನು ಕಳ್ಳನಲ್ಲ ಎಂಬುದಕ್ಕೆ ಇದ್ದ ಒಂದೇ ಗೆರೆ ಅದು.

ತಮ್ಮ ಬೇಕರಿಯೊಂದರ ಬ್ರೆಡ್ಡಿನ ವ್ಯಾನು ಓಡಿಸುತ್ತಿದ್ದವನು. ಮಾತುಗಾರ. ಅಂಗಡಿಯಂಗಡಿಯಲ್ಲೂ ನಿಂತು, ಬ್ರೆಡ್ಡಿಗಿಂತ ಬಿಸಿಯಾದ ಸುದ್ದಿ ಇಳಿಸಿ ಬರುತ್ತಿದ್ದ. ಅವನಿಗೆ ಏನಾಯಿತೆಂದು ಯಾರಿಗೂ ಹೇಳಲು ಬರುತ್ತಿರಲಿಲ್ಲ, ಯಾಕೆಂದರೆ ಏನೂ ಆಗಿರಲಿಲ್ಲ. ಅಪಘಾತವಿಲ್ಲ, ಜಗಳವಿಲ್ಲ, ಕೈಕೊಟ್ಟ ಹುಡುಗಿಯಿಲ್ಲ. ಮೊದಲು ಮಾತು ನಿಂತಿತು, ಆಮೇಲೆ ಕ್ಷೌರ, ಆಮೇಲೆ ಕೆಲಸ. ಬೇಕರಿಯವರು ಎರಡು ಬಾರಿ ಹೇಳಿ ಕಳಿಸಿ ಮೂರನೆಯ ಬಾರಿ ಬೇರೊಬ್ಬನನ್ನು ಇಟ್ಟುಕೊಂಡರು.

“ಏನಾದ್ರೂ ಒಂದು ಕಾರಣ ಇರಲೇಬೇಕಲ್ಲೋ. ಹೇಳು, ಸರಿಮಾಡೋಣ,” ಎಂದು ಅಣ್ಣ ಕೇಳಿದ್ದ.

“ಅಣ್ಣಾ, ನಾನು ಬೀಗ ಅಲ್ಲ,” ಎಂದಿದ್ದ ತಮ್ಮ. ಸಿಟ್ಟಿನಿಂದಲ್ಲ, ಗೋಡೆಯ ಕಡೆ ಹೊರಳಿಕೊಳ್ಳುತ್ತ.

ದುಡ್ಡು ತೆಗೆದುಕೊಂಡು ಮಾತಾಡಿಸುವ ಒಬ್ಬ ಡಾಕ್ಟರಮ್ಮನ ಕ್ಲಿನಿಕ್ಕಿಗೆ ಅಣ್ಣ ಹೋಗಿ ವಿಚಾರಿಸಿದ. ಗಾಜಿನ ಮೇಜು, ಅದರ ಮೇಲೊಂದು ಹೂದಾನಿ, ಹೂದಾನಿಯ ಹಿಂದಿನ ಹುಡುಗಿ ಬಹಳ ಮೆತ್ತಗೆ ಹೇಳಿದಳು: ವಾರಕ್ಕೊಮ್ಮೆ, ಕಡಿಮೆಯೆಂದರೂ ಆರು ತಿಂಗಳು. ಒಂದು ಭೇಟಿಗೆ ಇಷ್ಟು ಎಂದಳು. ಅಷ್ಟು ದುಡಿಯಲು ಅವನಿಗೆ ಒಂದು ವಾರವೇ ಬೇಕಿತ್ತು. “ಕೇಳಿ ಹೇಳ್ತೀನಿ,” ಎಂದು ಬಂದ. ಯಾರನ್ನು ಕೇಳುವುದೆಂದು ಅವಳೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಅದಾದ ಮೇಲೆ ಒಂದು ದಿನ ತಮ್ಮ ಚಿಲಕ ಹಾಕಿಕೊಂಡವನು ಬೆಳಗಿನಿಂದ ಬಾಗಿಲು ತೆರೆಯಲಿಲ್ಲ. ತಟ್ಟಿದರೆ ಉತ್ತರವಿಲ್ಲ, ಕೂಗಿದರೆ ಉತ್ತರವಿಲ್ಲ. ಅಣ್ಣ ಉಪಕರಣಗಳ ಚೀಲ ಹಿಡಿದು ಬಾಗಿಲ ಮುಂದೆ ಕೂತ. ಎಷ್ಟೋ ಮನೆಗಳ ಬಾಗಿಲ ಮುಂದೆ ಕೂತವನು. ಆದರೆ ಒಳಗೆ ಏನಿದೆಯೋ ಎಂಬ ಭಯದಿಂದ ಕೂತಿದ್ದು ಅದೇ ಮೊದಲು. ತಿರುಪುಳಿ ಕೈಜಾರಿ ಕೆಳಗೆ ಬಿತ್ತು. ಅಷ್ಟರಲ್ಲಿ ಚಿಲಕ ಸರಿದು ತಮ್ಮ ಹೊರಗೆ ಬಂದ. “ನಿದ್ದೆ ಬಂದಿತ್ತು,” ಎಂದ, ಅಷ್ಟೇ. ಸೋತ ಮುಖ. ಅಣ್ಣನ ಎದೆಯಲ್ಲಿ ಆ ಮಧ್ಯಾಹ್ನ ಉಳಿದುಬಿಟ್ಟಿತು.

ಮರುವಾರ ಅತ್ತಿಗೆ ಮೈದುನನನ್ನು ಒಪ್ಪಿಸಿ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೊರಟಳು. ಒಪ್ಪಿಸುವುದೆಂದರೆ ಸುಲಭವಾಗಿರಲಿಲ್ಲ. “ನನಗೆ ಕಾಲು ನೋವು, ಜೊತೆಗೆ ಬಾರೋ,” ಎಂದು ಶುರುಮಾಡಿ, ಕೊನೆಗೆ, “ಕಾಲು ನೋವು ಸುಳ್ಳು, ಆದ್ರೂ ಬಾ,” ಎಂದಳು. ತಮ್ಮ ಎಷ್ಟೋ ತಿಂಗಳ ಮೇಲೆ ಮೊದಲ ಸಲ ನಕ್ಕು ಚಪ್ಪಲಿ ಮೆಟ್ಟಿದ. ಅಣ್ಣ ಮಾತ್ರ, “ಅರ್ಜೆಂಟ್ ಕೆಲಸ ಇದೆ, ನೀವು ಹೋಗಿಬನ್ನಿ,” ಎಂದ.

ಇದ್ದ ಅರ್ಜೆಂಟ್ ಕೆಲಸ ಒಂದೇ. ಅವರು ಬೀದಿಯ ತಿರುವು ದಾಟಿದ್ದನ್ನು ನೋಡಿ, ಒಳಗೆ ಬಂದು, ತಮ್ಮನ ಕೋಣೆಯ ಚಿಲಕವನ್ನು ಬಿಚ್ಚಿದ. ತೂತು ತುಂಬಿದ, ಉಜ್ಜಿದ, ಬಣ್ಣ ಹಚ್ಚಿದ. ಬರೀ ಬಿಚ್ಚಿದ್ದರೆ ಸಾಕಿತ್ತು. ಅಷ್ಟು ನಾಜೂಕಾಗಿ ಯಾಕೆ ಮುಚ್ಚಿದೆನೆಂದು ಆಮೇಲೆ ಅವನು ತನ್ನನ್ನೇ ಎಷ್ಟೋ ಸಲ ಕೇಳಿಕೊಂಡ. ಕೆಲಸ ಕೆಟ್ಟದಾದಾಗಲೇ ಕೈ ಹೆಚ್ಚು ಅಂದ ಹುಡುಕುತ್ತದೆಯೋ ಏನೋ.

ಅವರಿಬ್ಬರೂ ಸಂಜೆ ಬಂದರು. ಸಾಲು ಉದ್ದವಿತ್ತು, ಡಾಕ್ಟರು ಒಳ್ಳೆಯವರು, ಮಾತ್ರೆ ಕೊಟ್ಟಿದ್ದಾರೆ, ಮಾತ್ರೆಯ ಜೊತೆಗೆ ಯಾರ ಹತ್ತಿರವಾದರೂ ಕೂತು ಮಾತಾಡುವುದೂ ಬೇಕು ಎಂದಿದ್ದಾರೆ, ಅದಕ್ಕೆ ಆಸ್ಪತ್ರೆಯಲ್ಲಿ ಜನ ಸಾಲದು, ದುಡ್ಡಿಲ್ಲದೆ ಮಾತಾಡಿಸುವ ಫೋನೊಂದಿದೆ, ಮೊದಲು ಅಲ್ಲಿ ಕೇಳಿ ಎಂದು ಚೀಟಿಯ ಹಿಂದೆ ನಂಬರು ಬರೆದಿದ್ದಾರೆ ಎಂದು ಅತ್ತಿಗೆ ಒಂದೇ ಉಸಿರಿಗೆ ವರದಿ ಒಪ್ಪಿಸಿದಳು. ತಮ್ಮ ತನ್ನ ಕೋಣೆಗೆ ಹೋದ. ಬಾಗಿಲು ಮುಚ್ಚಿದ ಸದ್ದು. ಆಮೇಲೆ, ತುಸು ಹೊತ್ತು ಬಿಟ್ಟು, ಕುರ್ಚಿಯನ್ನು ನೆಲದ ಮೇಲೆ ಎಳೆದ ಸದ್ದು.

ಅವನು ಕೇಳಲಿಲ್ಲ. ಇವನು ಹೇಳಲಿಲ್ಲ. ಆದರೆ ಅಂದಿನಿಂದ ತಮ್ಮ ಮನೆಯಿಂದ ಹೊರಗೆ ಕಾಲಿಡಲಿಲ್ಲ. ಮಾತ್ರೆ ತೆಗೆದುಕೊಳ್ಳುತ್ತಿದ್ದ, ತಟ್ಟೆ ಇಟ್ಟರೆ ಉಣ್ಣುತ್ತಿದ್ದ. ಮತ್ತೆ ಡಾಕ್ಟರ ಹತ್ತಿರ ಹೋಗೋಣ ಎಂದರೆ ಸುಮ್ಮನೆ ಬಾಗಿಲ ಕಡೆ ನೋಡುತ್ತಿದ್ದ. ಒಮ್ಮೆ ಮಾತ್ರ ಅತ್ತಿಗೆಗೆ ಹೇಳಿದ: “ಬೇಡ ಅತ್ತಿಗೆ. ಹೋಗಿ ಬರೋಷ್ಟರಲ್ಲಿ ಇಲ್ಲಿ ಇನ್ನೇನು ಇರಲ್ವೋ.”

ಅವಳಿಗೆ ಆಗಲೇ ಗೊತ್ತಾದದ್ದು. ಬಾಗಿಲನ್ನು ಹೋಗಿ ಸವರಿ ನೋಡಿ, ಅಂಗಡಿಗೆ ಬಂದು, ಗಿರಾಕಿಯೊಬ್ಬ ಎದ್ದು ಹೋಗುವವರೆಗೆ ಕಾದು, ಗಂಡನ ಎದುರು ನಿಂತಳು.

“ಏನ್ರೀ, ಊರವರ ಪೆಟ್ಟಿಗೆ ತೆಗೀಬೇಕಾದ್ರೆ ಒಡೆಯ ಎದುರಿಗಿರಬೇಕು ಅಂತೀರಿ. ಒಡಹುಟ್ಟಿದವನಿಗೆ ಆ ಮರ್ಯಾದೆ ಇಲ್ವಾ?”

“ಭಯ ಆಯ್ತು ಕಣೇ.”

“ಭಯ ನಂಗೂ ಆಗಿತ್ತು. ನಾನು ಅವನ್ನ ಕರ್ಕೊಂಡು ಹೋದೆ, ನೀವು ಅವನ ಬೆನ್ನ ಹಿಂದೆ ಕೆಲಸ ಮಾಡಿದ್ರಿ. ಅವನು ನನ್ನನ್ನೂ ಪಾಲುದಾರಳು ಅಂದ್ಕೊಂಡಿರ್ತಾನೆ. ನಿಮ್ಮ ಬುದ್ಧಿಗಿಷ್ಟು.”

ಅವಳು ಒಳಗೆ ಹೋದ ಮೇಲೆ ಅವನು ಅರವನ್ನು ಕೈಗೆತ್ತಿಕೊಂಡ. ಯಾವ ಕೀಲಿಯನ್ನು ಉಜ್ಜುತ್ತಿದ್ದೆನೆಂದು ನೆನಪಾಗದೆ ಕೆಳಗಿಟ್ಟ. ಒಂದೊಂದು ತಪ್ಪಿಗೆ ಒಂದೊಂದು ಸದ್ದಿರುತ್ತದೆ. ಅವನ ತಪ್ಪಿನ ಸದ್ದು ಕುರ್ಚಿಯ ಕಾಲು ನೆಲವನ್ನು ಕೆರೆಯುವುದು. ದಿನವೂ ಊಟವಾದ ಮೇಲೆ ಅದು ಕೇಳುತ್ತಿತ್ತು, ಕೇಳಲೆಂದೇ ಎಳೆದಂತೆ.

ಕೆಲವು ದಿನ ಕಳೆದು, ಬೀದಿ ಖಾಲಿಯಾಗುವ ಮಧ್ಯಾಹ್ನದ ಹೊತ್ತಿನಲ್ಲಿ, ಅವನು ಚೀಟಿಯ ಹಿಂದಿನ ನಂಬರಿಗೆ ಫೋನು ಮಾಡಿದ. ಅಣ್ಣನೆಂದರೆ ಫೋನಿಟ್ಟುಬಿಡುತ್ತಾರೆ, ಕಾಯಿಲೆಯವರೇ ಮಾತಾಡಬೇಕು ಎನ್ನುತ್ತಾರೆ ಎಂದು ಅವನೇ ಊಹಿಸಿಕೊಂಡಿದ್ದ. ಆದ್ದರಿಂದ ಆ ಕಡೆಯಿಂದ ವಯಸ್ಸಾದ ಹೆಂಗಸಿನ ದನಿಯೊಂದು ‘ಹೇಳಿ, ಕೇಳ್ತಿದೀನಿ’ ಎಂದಾಗ ಅವನು ತಮ್ಮನಾದ.

“ನಾನು ವ್ಯಾನು ಓಡಿಸ್ತಿದ್ದೆ ಮೇಡಂ. ಈಗ ಆಗ್ತಿಲ್ಲ.”

“ಏನು ಆಗ್ತಿಲ್ಲ ಅನ್ನಿಸುತ್ತೆ?”

“ಏಳೋಕೆ. ಮಾತಾಡೋಕೆ. ಊಟ ಸೇರಲ್ಲ. ಕಾರಣ ಏನೂ ಇಲ್ಲ ಮೇಡಂ. ಕಾರಣ ಇಲ್ಲ ಅಂತ ಹೇಳ್ಕೊಳ್ಳೋಕೇ ನಾಚಿಕೆ.”

ಇದನ್ನು ತಮ್ಮ ಎಂದೂ ಅವನಿಗೆ ಹೇಳಿರಲಿಲ್ಲ. ತಮ್ಮನ ಬಾಯಲ್ಲಿ ಕೂತು ಮಾತಾಡುವಾಗ ತಾನಾಗಿ ಬಂದಿತ್ತು. ಆ ಕಡೆಯ ದನಿ ಅವಸರಪಡಲಿಲ್ಲ.

“ಮನೇಲಿ ಯಾರಿದಾರೆ ನಿಮ್ ಜೊತೆ?”

“ಅಣ್ಣ, ಅತ್ತಿಗೆ.”

“ಅಣ್ಣನ ಹತ್ರ ಹೇಳ್ಕೊಳ್ಳೋಕೆ ಆಗುತ್ತಾ?”

ಬೀದಿಯಲ್ಲಿ ಸೈಕಲ್ಲೊಂದು ಹಾದುಹೋಯಿತು.

“ಇಲ್ಲ,” ಎಂದ. “ಆಗಲ್ಲ. ನಾನು ಆಸ್ಪತ್ರೆಗೆ ಹೋಗಿದ್ದಾಗ ಅವನು ನನ್ನ ಕೋಣೆ ಚಿಲಕ ಕಿತ್ತುಹಾಕಿದ. ಕೇಳ್ಲಿಲ್ಲ, ಹೇಳ್ಲಿಲ್ಲ. ಕಿತ್ತಿದ್ದೂ ಗೊತ್ತಾಗಬಾರದು ಅಂತ ತೂತಿಗೆ ಮರದ ಪುಡಿ ತುಂಬಿದ. ಸೊನ್ನೆ ನಂಬರಿನ ಉಪ್ಪುಕಾಗದದಲ್ಲಿ ಉಜ್ಜಿದ, ಒರಟು ಕಾಗದ ಹಾಕಿದ್ರೆ ಗೀರು ಬೀಳುತ್ತೆ ಅಂತ. ಬಣ್ಣ ಸ್ವಲ್ಪ ಗಟ್ಟಿಯಾಗಿತ್ತು, ತೆಳು ಮಾಡಿ ಹಚ್ಚಿದ.”

ಆ ದನಿ, ಮೊದಲಿನಷ್ಟೇ ಮೆಲ್ಲಗೆ, “ನೀವು ಆಗ ಆಸ್ಪತ್ರೇಲಿದ್ರಿ ಅಂದ್ರಿ,” ಎಂದಿತು.

ಅವನಿಗೆ ಬೇರೆಯವರ ಮನೆಯೊಳಗೆ ಕೀಲಿ ತಿರುಗಿಸುತ್ತಿರುವಾಗ ದೀಪ ಹತ್ತಿದಂತಾಯಿತು.

“ಅಣ್ಣ ನಾನೇ ಮೇಡಂ,” ಎಂದ. “ಕಾಯಿಲೆ ಅವನಿಗೆ. ಸುಳ್ಳು ಹೇಳಿದೆ. ಯಾರಿಗೋ ಸಿಗಬೇಕಾಗಿದ್ದ ಹೊತ್ತು ತಿಂದೆ. ಇಡ್ತೀನಿ.”

“ಇಡಬೇಡಿ. ಅಣ್ಣಂದಿರೂ ಮಾಡಬಹುದು ಈ ಫೋನು. ತುಂಬಾ ಜನ ಮಾಡ್ತಾರೆ. ಈ ಹೊತ್ತು ನಿಮ್ಮದೇ.”

ಅದನ್ನು ಕೇಳಿ ಅವನಿಗೆ ಸಮಾಧಾನವಾಗಬೇಕಿತ್ತು. ಬದಲಿಗೆ, ಬೇಡವಾಗಿದ್ದ ಕಡೆಯೆಲ್ಲ ತಾನು ಕಳ್ಳಗೀಲಿ ಬಳಸಿದೆನೆಂಬುದು ಎದೆಗೆ ಒತ್ತಿತು. ಮೇಜಿನ ಅಂಚಿಗೆ ಹಣೆಯಿಟ್ಟು ಕೂತ. ಆ ಕಡೆಯವರು ಕಾದರು. ಆಮೇಲೆ ಒಂದೊಂದಾಗಿ ಕೇಳಿದರು: ತಮ್ಮ ಉಣ್ಣುತ್ತಾನೆಯೇ, ನಿದ್ದೆ ಹೇಗೆ, ಜೀವಕ್ಕೆ ಏನಾದರೂ ಮಾಡಿಕೊಳ್ಳುವ ಮಾತು ಆಡಿದ್ದಾನೆಯೇ.

“ಗೊತ್ತಿಲ್ಲ. ಕೇಳಿದ್ರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗಾಗುತ್ತೆ ಅಂತ ಕೇಳ್ಲಿಲ್ಲ.”

“ಹಾಗೆ ಆಗಲ್ಲ. ನೇರವಾಗಿ ಕೇಳಿ. ಕೇಳಿದವರಿದಾರೆ ಅಂತ ಹಗುರ ಆಗುತ್ತೆ ಜನಕ್ಕೆ. ‘ಹೌದು, ಈಗಲೇ’ ಅನ್ನೋ ಥರ ಉತ್ತರ ಬಂದ್ರೆ ಒಬ್ಬನೇ ಬಿಡಬೇಡಿ, ಸೀದಾ ಆಸ್ಪತ್ರೆಗೆ ಕರ್ಕೊಂಡು ಹೋಗಿ, ಇಲ್ಲಿಗೂ ಯಾವ ಹೊತ್ತಲ್ಲಾದ್ರೂ ಮಾಡಿ. ಅಲ್ಲ ಅಂದ್ರೆ, ಲೈಬ್ರರಿ ಮಹಡಿ ಮೇಲೆ ಬುಧವಾರ ಮಧ್ಯಾಹ್ನ ಒಂದು ಕೋಣೆ ಇದೆ. ಈ ಕೆಲಸ ಕಲೀತಿರೋ ಹುಡುಗ ಹುಡುಗಿಯರು ಕೂತು ಮಾತಾಡಿಸ್ತಾರೆ, ಅವರ ಮೇಷ್ಟ್ರು ಮೇಲ್ವಿಚಾರಣೆ ಮಾಡ್ತಾರೆ. ದುಡ್ಡು ಕೇಳಲ್ಲ.”

“ಹಾಗಾದ್ರೆ ಅವನ ಹೆಸರು ಬರ್ಕೊಳ್ಳಿ ಮೇಡಂ, ಈ ಬುಧವಾರಕ್ಕೇ.”

“ಅವರನ್ನ ಕೇಳದೇನಾ?” ಎಂದರು ಅವರು.

ಅವನು ಫೋನಿಟ್ಟು ಎದ್ದ.

ಮನೆಯೊಳಗೆ ಹೋಗಿ ತಮ್ಮನ ಬಾಗಿಲು ತಟ್ಟಿದ. ಎಷ್ಟೋ ದಿನಗಳಿಂದ ತಟ್ಟುವುದನ್ನೇ ಬಿಟ್ಟಿದ್ದ; ಕುರ್ಚಿ ಅಡ್ಡವಿದೆಯೆಂದು ಗೊತ್ತಿದ್ದೂ ತುಸು ನೂಕಿ, ಸಂದಿಯಿಂದ ನೋಡಿ ಹೋಗುತ್ತಿದ್ದ.

“ತೆರೆದೇ ಇದೆಯಲ್ಲ,” ಎಂಬ ದನಿ ಒಳಗಿನಿಂದ ಬಂತು. “ನೀನೇ ಮಾಡಿಟ್ಟಿದ್ದು.”

“ನೀನು ಬಾ ಅಂದ್ರೆ ಬರ್ತೀನಿ.”

ಅಣ್ಣ ಹೊಸಿಲಿನ ಹೊರಗೆ ನೆಲದ ಮೇಲೆ ಕೂತ. ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ಇಣುಕಿ, ಅವನ ಭಂಗಿ ನೋಡಿ, ಒಳಗೆ ಸರಿದಳು. ಪಾತ್ರೆಯ ಸದ್ದನ್ನೂ ನಿಲ್ಲಿಸಿದಳು. ನೆಲ ತಣ್ಣಗಿತ್ತು. ಬಾಗಿಲ ಕೆಳಗಿನ ಸಂದಿಯಿಂದ ಬಿಸಿಲಿನ ಒಂದು ಗೆರೆ ಹೊರಬಂದು ಅವನ ಮೊಣಕಾಲಿನತನಕ ಬಂದು ನಿಂತಿತ್ತು. ಗೆರೆ ತೆಳುವಾಗಿ, ಬಣ್ಣ ಬದಲಾಗುವವರೆಗೆ ಅವನು ಕೂತೇ ಇದ್ದ. ಕೊನೆಗೆ ಕುರ್ಚಿಯ ಕಾಲು ಕೆರೆದ ಸದ್ದು ಕೇಳಿತು. ಈ ಸಲ ದೂರಕ್ಕೆ.

“ಬಾ. ಅಲ್ಲೇ ಕೂತು ಸೊಂಟ ಹಿಡಿದ್ರೆ ಅತ್ತಿಗೆ ನನ್ನ ಬೈತಾಳೆ.”

ತಮ್ಮ ಹಾಸಿಗೆಯ ತುದಿಯಲ್ಲಿ ಕೂತಿದ್ದ. ಗಡ್ಡದೊಳಗಿನಿಂದ ಕಣ್ಣು ಮಾತ್ರ ಕಾಣುತ್ತಿತ್ತು. ಅಣ್ಣ ಕುರ್ಚಿಯಲ್ಲಿ ಕೂರಲಿಲ್ಲ, ಅದರ ಬೆನ್ನು ಹಿಡಿದು ನಿಂತ.

“ಚಿಲಕ ತೆಗೆದಿದ್ದು ತಪ್ಪು,” ಎಂದ. “ನೀನು ಇಲ್ಲದಾಗ ತೆಗೆದಿದ್ದು ಅದಕ್ಕಿಂತ ತಪ್ಪು. ಗೊತ್ತಾಗದ ಹಾಗೆ ಮುಚ್ಚಿದ್ದು ಎಲ್ಲಕ್ಕಿಂತ.”

“ಚೆನ್ನಾಗೇ ಮುಚ್ಚಿದೀಯ. ಇಷ್ಟು ಚೆಂದ ಯಾರ ಮನೆಗೂ ಮಾಡಿಕೊಟ್ಟಿಲ್ಲ ನೀನು.”

ಅಣ್ಣ ತಲೆ ತಗ್ಗಿಸಿದ. ಆಮೇಲೆ ಫೋನಿನ ಸಂಗತಿಯನ್ನೂ ಹೇಳಿದ. ಹೇಳದೆ ಉಳಿಸಿಕೊಂಡರೆ ಅದೂ ಬಣ್ಣ ಹಚ್ಚಿದ ಇನ್ನೊಂದು ತೂತಾಗುತ್ತದೆ ಎನಿಸಿತ್ತು.

ತಮ್ಮ ತಲೆಯೆತ್ತಿದ. “ನಾನಾಗಿ ಮಾತಾಡಿದ್ಯಾ?”

“ಹೂಂ.”

“ಏನೇನು ಅಂದೆ?”

“ಏಳೋಕಾಗಲ್ಲ ಅಂದೆ. ಊಟ ಸೇರಲ್ಲ ಅಂದೆ.”

“ಊಟ ಸೇರುತ್ತೆ. ಅತ್ತಿಗೆ ಅಡುಗೆ ಮೇಲೆ ಯಾಕೆ ಹಾಕ್ತೀಯ?”

“ಕಾರಣ ಇಲ್ಲ, ಅದಕ್ಕೇ ನಾಚಿಕೆ ಅಂದೆ.”

ತಮ್ಮನ ಮುಖದಲ್ಲಿ ಏನೋ ಅಲುಗಿತು. ಕಿಟಕಿಯ ಕಡೆ ತಿರುಗಿದ. “ಅದು ನಿಂಗೆ ಹೇಗೆ ಗೊತ್ತಾಯ್ತು?”

“ಗೊತ್ತಿರಲಿಲ್ಲ. ನೀನಾಗಿ ಮಾತಾಡ್ತಾ ಬಂತು.”

ಹೊರಗೆ ಯಾರೋ ಅಂಗಡಿಯ ಮುಂದೆ ನಿಂತು, “ಬೀಗದಣ್ಣ ಇಲ್ವಾ?” ಎಂದು ಕೂಗಿದರು. ಅತ್ತಿಗೆ ಹೋಗಿ, “ಇಲ್ಲ, ನಾಳೆ ಬನ್ನಿ,” ಎಂದದ್ದು ಕೇಳಿಸಿತು.

“ಒಂದು ಕೇಳ್ತೀನಿ. ನೇರವಾಗಿ ಕೇಳು ಅಂತ ಹೇಳಿದಾರೆ.” ಅಣ್ಣ ಕುರ್ಚಿಯ ಬೆನ್ನನ್ನು ಇನ್ನಷ್ಟು ಬಿಗಿಯಾಗಿ ಹಿಡಿದ. “ಸಾಯ್ಬೇಕು ಅನ್ನಿಸುತ್ತೇನೋ?”

ಆ ಮಾತು ಕೋಣೆಯಲ್ಲಿ ಬಿದ್ದಾಗ, ಅವನು ಹೆದರಿದ್ದಷ್ಟು ದೊಡ್ಡ ಸದ್ದಾಗಲಿಲ್ಲ.

“ಅನ್ನಿಸಿದ್ದುಂಟು,” ಎಂದ ತಮ್ಮ. “ಮಾತ್ರೆ ಶುರು ಮಾಡೋಕೆ ಮೊದಲು. ಈಗ ಇಲ್ಲ. ಆ ದಿನ ಚಿಲಕ ಹಾಕ್ಕೊಂಡಿದ್ದು ಅದಕ್ಕಲ್ಲ ಅಣ್ಣ. ಅಳೋಕೆ. ಈ ಮನೇಲಿ ಎಲ್ಲಿ ಕೂತ್ರೂ ಯಾರಾದ್ರೂ ಕಾಫಿ ಹಿಡ್ಕೊಂಡು ಬರ್ತೀರಿ. ಬಾಗಿಲು ಹಾಕ್ಕೊಂಡು ಅಳೋಕೆ ಒಂದು ಜಾಗ ಇತ್ತು.”

ಅಣ್ಣ ಕುರ್ಚಿಯಲ್ಲಿ ಕೂತುಬಿಟ್ಟ. ತಾನು ಕಿತ್ತದ್ದು ಏನನ್ನು ಎಂದು ಅವನಿಗೆ ಈಗ ತಿಳಿಯಿತು, ಮತ್ತು ತಿಳಿದದ್ದರಿಂದ ಏನೂ ಹಗುರಾಗಲಿಲ್ಲ.

“ಮತ್ತೆ ಅನ್ನಿಸಿದ್ರೆ ಹೇಳ್ತೀಯಾ?” ಎಂದ.

“ಹೇಳ್ತೀನಿ. ನೀನು ನನ್ನ ಬೆನ್ನ ಹಿಂದೆ ಏನೂ ಮಾಡದೆ ಇದ್ರೆ.”

ಅಂಗಡಿಯಿಂದ ಅಣ್ಣ ಒಂದು ಹೊಸ ಚಿಲಕ ತಂದ. ಸ್ನಾನದ ಮನೆಗಳಿಗೆ ಹಾಕುವಂಥದು: ಒಳಗಿನಿಂದ ತಿರುಗಿಸಿದರೆ ಬೀಳುತ್ತದೆ, ಹೊರಮೈಯಲ್ಲಿ ಒಂದು ಸೀಳು, ಅದಕ್ಕೆ ನಾಣ್ಯವನ್ನು ಕೊಟ್ಟು ತಿರುಗಿಸಿದರೆ ತೆರೆಯುತ್ತದೆ. ಅದನ್ನು ತಮ್ಮನ ಅಂಗೈಯಲ್ಲಿಟ್ಟು, ಸೀಳನ್ನು ತೋರಿಸಿದ.

“ಇದು ಹೊರಗಿನಿಂದ ತೆಗೆಯೋಕೆ ಬರುತ್ತೆ. ಮುಚ್ಚಿಡಲ್ಲ, ಈಗಲೇ ಹೇಳ್ತಿದೀನಿ. ತಟ್ಟದೆ ತೆಗೆಯಲ್ಲ. ತಟ್ಟಿ, ಕೂಗಿ, ನೀನು ಓಗೊಡದೇ ಹೋದ್ರೆ ತೆಗೀತೀನಿ. ಒಪ್ಪಿಗೆ ಇದ್ರೆ ಹಾಕ್ತೀನಿ, ಇಲ್ಲಾಂದ್ರೆ ಹಳೇದನ್ನೇ ಹಾಕ್ತೀನಿ.”

ತಮ್ಮ ಅದನ್ನು ತಿರುಗಿಸಿ ತಿರುಗಿಸಿ ನೋಡಿದ. “ಓಗೊಡೋಕೆ ಸ್ವಲ್ಪ ಹೊತ್ತು ಕೊಡ್ಬೇಕು. ಒಮ್ಮೊಮ್ಮೆ ಬಾಯಿ ತೆರೆಯೋದೇ ದೊಡ್ಡ ಕೆಲಸ.”

“ಕೊಡ್ತೀನಿ.”

“ಹಾಕು. ನಾನು ಇಲ್ಲೇ ನಿಂತಿರ್ತೀನಿ. ನಿಮ್ಮ ಕಂಪನಿ ನಿಯಮ ಅಲ್ವಾ?”

ಅವನು ನಿಂತ. ಅಣ್ಣ ತಾನೇ ತುಂಬಿದ್ದ ತೂತುಗಳನ್ನು ತಾನೇ ಕೊರೆದ. ಒಣಗಿದ ಪುಡಿ ಹಸಿರು ಸಿಪ್ಪೆಯೊಂದಿಗೆ ಉದುರಿ ಅವನ ಪಾದದ ಮೇಲೆ ಬಿತ್ತು. ಕೊನೆಯ ತಿರುಪನ್ನು ತಮ್ಮ ಕೇಳಿ ಪಡೆದು ತಾನೇ ಬಿಗಿದ, ಓರೆಯಾಗಿ ಕೂತಿತು. ಅಣ್ಣನ ಕೈ ಅದನ್ನು ಸರಿಮಾಡಲು ಮುಂದೆ ಬಂದು, ಅರ್ಧದಲ್ಲಿ ನಿಂತು, ಹಿಂದೆ ಹೋಯಿತು.

“ಕ್ಷಮಿಸಿಬಿಟ್ಟೆ ಅಂತ ಅಂದ್ಕೋಬೇಡ,” ಎಂದ ತಮ್ಮ.

“ಇಲ್ಲ.”

“ಆ ನಂಬರ್ ಕೊಡು. ಈ ಸಲ ನಾನೇ ನಾನಾಗಿ ಮಾತಾಡ್ತೀನಿ. ನೀನು ಹೇಳಿದ್ದರಲ್ಲಿ ತಿದ್ದೋದು ಬಹಳ ಇದೆ.”

ಫೋನನ್ನು ತೆಗೆದುಕೊಂಡು ಅವನು ಒಳಗೆ ಹೋದ. ಹೊಸ ಚಿಲಕ ಬಿದ್ದ ಸದ್ದು ಕೇಳಿತು. ಕಿವಿ ಅತ್ತ ಹೋಗದಿರಲೆಂದು ಅಣ್ಣ ಅಂಗಡಿಗೆ ಬಂದು, ಯಾವ ಬೀಗದ್ದೂ ಅಲ್ಲದ ಕೀಲಿಯೊಂದನ್ನು ಅರದಿಂದ ಜೋರಾಗಿ ಉಜ್ಜತೊಡಗಿದ.

ಬುಧವಾರ ಊಟವಾದ ಮೇಲೆ ತಮ್ಮ ಕ್ಷೌರ ಮಾಡಿಕೊಂಡ. ಗಲ್ಲದ ಕೆಳಗೆ ಒಂದು ಗಾಯವಾಗಿತ್ತು. ಅತ್ತಿಗೆ ಅಂಗಿಗೆ ಇಸ್ತ್ರಿ ಮಾಡಿ ಕೊಟ್ಟು, “ಕಾಲು ನೋವು ಇವತ್ತು ನಿಜ ಕಣೋ, ನಾನು ಬರಲ್ಲ,” ಎಂದಳು. ಅಣ್ಣ ಮೇಜಿನ ಹಿಂದಿನಿಂದ ಎದ್ದ.

“ಲೈಬ್ರರಿ ತನಕ ಬರ್ಲಾ? ಒಳಗೆ ಬರಲ್ಲ.”

“ಬೇಡ.” ತಮ್ಮ ಚಪ್ಪಲಿಯನ್ನು ಹುಡುಕುತ್ತಿದ್ದ, ಬಹಳ ದಿನ ಮೆಟ್ಟದೆ ಅದು ಬೆಂಚಿನ ಅಡಿ ಸೇರಿತ್ತು. “ಅಣ್ಣಂದಿರಿಗೂ ಅಲ್ಲಿ ಒಂದು ದಿನ ಇದೆಯಂತೆ. ಕೇಳ್ಕೊಂಡು ಬರ್ತೀನಿ. ನಿನ್ನ ಹೆಸರು ಬರೆಸಲ್ಲ, ಕೇಳ್ಕೊಂಡು ಬರ್ತೀನಿ ಅಷ್ಟೇ.”

ಅಣ್ಣ ತಲೆಯಾಡಿಸಿದ.

“ನಾನು ಬರೋವಾಗ ಎಲ್ಲ ಇದ್ದ ಹಾಗೇ ಇರ್ಲಿ,” ಎಂದ ತಮ್ಮ. ಹೇಳಿದ ಮೇಲೂ ಒಂದು ಗಳಿಗೆ ನಿಂತು, ಒಳಗಿನ ಹಸಿರು ಬಾಗಿಲನ್ನೂ ಅದರ ಓರೆ ತಿರುಪನ್ನೂ ನೋಡಿದ. ಅದು ನಂಬಿಕೆಯಲ್ಲ, ನಂಬಬಹುದೇ ಎಂದು ತೂಗಿ ನೋಡುವುದು. ಅಣ್ಣನಿಗೆ ಅದು ಗೊತ್ತಿತ್ತು. ಅಷ್ಟಾದರೂ ಸಿಕ್ಕಿತಲ್ಲ ಎನ್ನಲು ಅವನಿಗೆ ಬಾಯಿರಲಿಲ್ಲ. ಅವನು ತನ್ನ ಎರಡೂ ಕೈಗಳನ್ನು ಮೇಜಿನ ಮೇಲೆ, ಉಪಕರಣಗಳಿಂದ ದೂರ, ಎದುರಿಗೆ ಕಾಣುವಂತೆ ಇಟ್ಟುಕೊಂಡು ನಿಂತ.

ತಮ್ಮ ಹೊರಗೆ ಹೆಜ್ಜೆಯಿಟ್ಟ. ಬೀದಿಯ ಬೆಳಕು ಕ್ಷಣಕಾಲ ಒಳಗೆ ನುಗ್ಗಿ ಗೋಡೆಯ ಮೇಲಿನ ಕೊರೆಯದ ಕೀಲಿಗಳನ್ನೆಲ್ಲ ಮುಟ್ಟಿತು. ಆಮೇಲೆ ಅವನ ಬೆನ್ನ ಹಿಂದೆ ಬಾಗಿಲು ಮುಚ್ಚಿಕೊಂಡಿತು.